ಸೊಸಿಯ ಮುಡಿಗಿ ಎಮ್ಮಿ

ಕುಕನೂರಿನ ಈಶಪ್ಪನಿಗೆ ಇದ್ದದ್ದು ಒಂದೇ ಚಟ. ಬೀಡಿಯಲ್ಲ, ಇಸ್ಪೀಟಲ್ಲ, ಸ್ಕ್ರೂಡ್ರೈವರ್. ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನಾಗಿದ್ದ ಈ ಪುಣ್ಯಾತ್ಮ, ಸರಿಯಾಗಿ ನಡೆಯುತ್ತಿರುವ ವಸ್ತು ಕಂಡರೆ ಬಿಚ್ಚದೆ ಬಿಡುತ್ತಿರಲಿಲ್ಲ. ಹೀಗೇ ಒಂದು ದಿನ ಮಾವ ಕಳಕಪ್ಪನವರು ಮದುವೆಯಲ್ಲಿ ಕೊಟ್ಟ ರೇಡಿಯೋ ಬಿಚ್ಚಿದ. ಜೋಡಿಸಿದ. ಜೋಡಿಸಿದ ಮೇಲೆ ಏಳು ಸಾಮಾನು ಉಳಿದವು. ಅಂದಿನಿಂದ ರೇಡಿಯೋ ಮಾತು ಬಿಟ್ಟಿತು. ಅದರ ಹಿಂದೆಯೇ ಹೆಂಡತಿ ವಿರೂಪಾಕ್ಷಮ್ಮನೂ ಮಾತು ಬಿಟ್ಟಳು.

ಹದಿನೈದು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅವಳು ಬಾಯಿ ತೆರೆದಳು.

"ಸಂಜೀಕ ನಮ್ಮಪ್ಪ ಬರಾಕತ್ತಾನ. ಬಂದ ಕೂಡ್ಲೇ ರೇಡಿಯೋ ಹಚ್ಚು ಅಂತಾನ. ಕೊಡೂವಾಗ ಏನ್ ಹೇಳಿದ್ದ? ‘ಅಳಿಯಂದ್ರ, ಇದನ್ನ ಮಾತ್ರ ಬಿಚ್ಚಬ್ಯಾಡ್ರಿ’ ಅಂದಿದ್ದಿಲ್ಲ? ಈಗ ಆ ಏಳು ಸಾಮಾನು ತಾಟಿನ್ಯಾಗ ತುಂಬಿ ಅವನ ಮುಂದ ಇಡ್ಲೇನು?"

"ಚಿಂತಿ ಬಿಡ. ಕೊಪ್ಪಳದಾಗ ಟಿಪ್ಪುಸಾಬನ ಕ್ಯಾಸೆಟ್ ಅಂಗಡಿ ಇವತ್ತ ಶುರು. ಹಾಡಿನ ಪ್ರಶ್ನಿ ಕೇಳ್ತಾನಂತ. ಗೆದ್ದವರಿಗೆ ಟೂ-ಇನ್-ವನ್! ಅದರಾಗ ರೇಡಿಯೋನೂ ಐತಿ, ಟೇಪೂ ಐತಿ. ಹಳೀದು ಕೊಟ್ಟು ಹೊಸಾದು ತಂದೆ ಅಂದ್ರ ನಿಮ್ಮಪ್ಪ ಖುಷಿ ಆಗ್ತಾನ."

"ಗೆಲ್ಲಲಿಲ್ಲ ಅಂದ್ರ?"

ಈಶಪ್ಪ ಚಪ್ಪಲಿ ಮೆಟ್ಟಿದ.

ಹೋಗುವ ಮುನ್ನ ಒಂದು ಹಾಡು ಕೇಳಿಯೇ ಹೋಗಬೇಕೆಂದು ವಿರುಪಣ್ಣನ ಹೋಟೆಲಿಗೆ ನುಗ್ಗಿದ. ಅಲ್ಲಿ ಹತ್ತು ವರ್ಷದಿಂದ ದಿನವೂ ಬೆಳಿಗ್ಗೆ ಅದೇ ರೆಕಾರ್ಡು. ಊರಿಗೆಲ್ಲ ಬಾಯಿಪಾಠ:

ಸಂತಿಗಿ ಹೋದ ಮಾವ ಬಂದಾನ
ಸೊಸಿಯ ಮುಡಿಗಿ... ಟಕ್... ಎಮ್ಮಿ ಕಟ್ಟ್ಯಾನ!

ಆ ‘ಟಕ್’ ರೆಕಾರ್ಡಿನ ಗೀರು. ಮುಳ್ಳು ಅಲ್ಲಿಗೆ ಬಂದರೆ ಒಂದು ಜಿಗಿತ. ಊರಿನವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮದುವೆ ಮನೆಯಲ್ಲಿ ಬೀಸುವ ಹೆಂಗಸರೂ ನಡುವೆ ನಾಲಿಗೆಯಿಂದ ‘ಟಕ್’ ಎಂದೇ ಹಾಡುತ್ತಿದ್ದರು.

"ರೆಕಾರ್ಡ್ ಇಲ್ಲೋ ಮಾರಾಯ," ಎಂದ ವಿರುಪಣ್ಣ. "ನಿನ್ನೆ ಕೊಪ್ಪಳದವರು ಯಾರೋ ಬೇಕಂತ ಬೇಡ್ಕೊಂಡು ಒಯ್ದಾರ. ಅಲ್ಲಾ, ನೀ ಯಾಕ ಕೇಳ್ತಿ? ರೆಕಾರ್ಡ್ ತಂದ ದಿನಾನ ಹಾಡಿನ ಪೆಟಿಗಿ ರಿಪೇರಿ ಮಾಡ್ತೀನಂತ ಸ್ಕ್ರೂಡ್ರೈವರ್ ಕೆಡವಿ ಅದಕ್ಕ ಗೀರು ಬೀಳಿಸಿದಾಂವ ನೀನ ಅಲ್ಲೇನು?"

ಈಶಪ್ಪ ಚಹಾ ಕುಡಿಯದೆ ಹೊರಬಿದ್ದ.

ಬಸ್ಸಿನಲ್ಲಿ ಶಾಂತಕ್ಕ ಆಗಲೇ ಜಾಗ ಹಿಡಿದು ಕೂತಿದ್ದಳು. ಈಶಪ್ಪನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯೂ ಅವಳ ಕಿವಿಗೆ ಅಡ್ಡ ಬರುತ್ತಿರಲಿಲ್ಲ.

"ಬಾರೋ ಈಶಪ್ಪಾ! ಎಲ್ಲಾ ಕೇಳೀನಿ. ಒಬ್ಬನ್ನ ಹೆಂಗ ಬಿಡ್ಲಿ? ನಾನೂ ಹೆಸರು ಕೊಡ್ತೀನಿ. ನೀ ಮರತ್ರ ನಾ ನೆನಪು ಮಾಡ್ತೀನಿ."

ಇಬ್ಬರೂ ಹಾಡು ಹೇಳಿಕೊಳ್ಳುತ್ತ ದಾರಿಯ ಊರು ತಳಕಲ್ಲಿಗೆ ಬಂದರು. ಅಲ್ಲಿ ಹತ್ತಿದ ಮಾರೆವ್ವ ಎಂಬ ಮುದುಕಿ ಎರಡು ಸಾಲು ಕೇಳಿದ್ದೇ ಹಣೆ ಬಡಿದುಕೊಂಡಳು.

"ಯವ್ವಾ! ಸೊಸಿ ಮುಡಿಗಿ ಯಾರರ ಎಮ್ಮಿ ಕಟ್ತಾರೇನ? ಕುತ್ತಿಗಿ ಉಳೀತೈತೇನ ಆಕೀದು? ‘ಸೊಸಿಯ ಮುಡಿಗಿ ಮಲ್ಲಿಗಿ ತಂದಾನ, ಬಂಡಿಯ ಹಿಂದ ಎಮ್ಮಿ ಕಟ್ಟ್ಯಾನ.’ ನಮ್ಮವ್ವ ಬೀಸುಕಲ್ಲಿನ ಮುಂದ ಹಾಡ್ತಿದ್ಲು."

ಈಶಪ್ಪ ಸೀಟಿನಿಂದ ಎದ್ದೇ ನಿಂತ. ಅಯ್ಯೋ ಶಿವನೇ, ಆ ಟಕ್ಕಿನೊಳಗೆ ಒಂದು ಇಡೀ ಸಾಲೇ ಬಿದ್ದುಹೋಗಿದೆ! ಮುದುಕಿಯ ಕಾಲು ಹಿಡಿಯುವುದೊಂದು ಬಾಕಿ. ಇಡೀ ಕುಕನೂರಿಗೆ ಗೊತ್ತಿಲ್ಲದ್ದು ತನಗೊಬ್ಬನಿಗೆ ಗೊತ್ತಾಯಿತೆಂದು ಹಿಗ್ಗಿದ.

ಶಾಂತಕ್ಕ ಮಾತ್ರ ಮೂಗು ಮುರಿದಳು. "ಮುದುಕಿಗಿ ಅರಳುಮರಳು. ನಮ್ಮೂರ ರೆಕಾರ್ಡ್ ಸುಳ್ಳು ಹೇಳತೈತೇನು?"

ಟಿಪ್ಪುಸಾಬನ ಅಂಗಡಿಯ ಮುಂದೆ ಜನವೋ ಜನ. ಮೇಜಿನ ಮೇಲೆ ಟೂ-ಇನ್-ವನ್ ಮದುಮಗನಂತೆ ಹೂವಿನ ಹಾರ ಹಾಕಿಕೊಂಡು ಕೂತಿತ್ತು. ಟಿಪ್ಪುಸಾಬ ಮೈಕು ಹಿಡಿದು ಮೊದಲೇ ಹೇಳಿದ:

"ತಕರಾರು ಬಂದ್ರ ರೆಕಾರ್ಡ್ ಹಚ್ಚಿ ಕೇಳೂದು. ಅದರಾಗ ಏನೈತಿ ಅದ ಖರೇ. ಬಾಯಿಮಾತು ನಡಿಯಂಗಿಲ್ರಿ!"

ಪ್ರಶ್ನೆಗಳೂ ಕಾಲು ಹಿಡಿದು ಎಳೆದು ಕೆಡವುವಂಥವೇ. "‘ಕರಿ ಎತ್ತಿನ ಗಾಡಿ’ ಕ್ಯಾಸೆಟ್ಟಿನ ಎಂಟು ಹಾಡಿನಾಗ ಕರಿ ಎತ್ತು ಎಷ್ಟು ಬರ್ತಾವು?" ಎಂದ. ಎರಡು, ನಾಲ್ಕು, ಆರು ಎಂದು ಕೂಗಿದವರೆಲ್ಲ ಹೊರಗೆ ಬಿದ್ದರು.

"ಒಂದೂ ಇಲ್ರಿ!" ಎಂದು ಈಶಪ್ಪ ಗರ್ಜಿಸಿದ. "ಹೆಸರಷ್ಟ ಕರಿ. ಒಳಗ ಎಲ್ಲಾ ಬಿಳಿ ಎತ್ತು!"

ಜನ ಚಪ್ಪಾಳೆ ತಟ್ಟಿದರು. ಶಾಂತಕ್ಕನೂ ಅವನ ಬೆನ್ನಿಗೇ ‘ಒಂದೂ ಇಲ್ಲ’ ಎಂದಿದ್ದರಿಂದ, ಒಂದು ತಾಸಿನ ಮೇಲೆ ಉಳಿದವರು ಅವರಿಬ್ಬರೇ.

"ಕೊನೀ ಪ್ರಶ್ನಿ! ಮೊದಲ ಕೈ ಎತ್ತಿದವರಿಗೆ ಅವಕಾಶ. ಸಂತಿಗಿ ಹೋಗಿ ಬಂದ ಮಾವ ಸೊಸಿಯ ಮುಡಿಗಿ ಏನು ಕಟ್ಟಿದ?"

ಈಶಪ್ಪ ಕೈ ಎತ್ತಿದ್ದಷ್ಟೇ ಅಲ್ಲ, ನೆಲದಿಂದ ಮೇಲಕ್ಕೆ ಹಾರಿದ.

"ಮಲ್ಲಿಗಿ! ಮಲ್ಲಿಗಿ ರೀ!"

"ತಪ್ಪು!" ಎಂದ ಟಿಪ್ಪುಸಾಬ. "ಅಕ್ಕಾರ, ನೀವು?"

"ಎಮ್ಮಿ," ಎಂದಳು ಶಾಂತಕ್ಕ.

ಜನ ಹೊಟ್ಟೆ ಹಿಡಿದು ನಕ್ಕರು. ಟಿಪ್ಪುಸಾಬ ನಗಲಿಲ್ಲ. "ಸರಿ ಉತ್ತರ!" ಎಂದು ರೆಕಾರ್ಡು ಹಚ್ಚಿದ. ‘ಸೊಸಿಯ ಮುಡಿಗಿ... ಟಕ್... ಎಮ್ಮಿ ಕಟ್ಟ್ಯಾನ!’

ಈಶಪ್ಪ ಓಡಿಹೋಗಿ ನೋಡಿದ. ರೆಕಾರ್ಡಿನ ಚೀಟಿಯ ಮೇಲೆ ವಿರುಪಣ್ಣನ ಹೋಟೆಲಿನ ಚಹಾದ ಕಲೆ!

"ಅನ್ಯಾಯ! ಈ ಗೀರು ನಾನ ಬೀಳಿಸಿದ್ದು! ನನ್ನ ಈ ಕೈಲೇ ಬೀಳಿಸೀನಿ!"

"ಹಂಗಾದ್ರ ಉತ್ತರ ಎಲ್ಲಾರಕಿಂತ ಮೊದಲ ನಿಮಗ ಗೊತ್ತಿರಬೇಕಿತ್ತಲ್ರಿ," ಎಂದ ಟಿಪ್ಪುಸಾಬ. ಹಾರವನ್ನು ಶಾಂತಕ್ಕನ ಕೊರಳಿಗೆ ಹಾಕಿ, ಟೂ-ಇನ್-ವನ್ ಅವಳ ಕೈಗೆ ಕೊಟ್ಟ. ಆ ಹಾಡನ್ನೂ ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟ.

ಸಂಜೆ ಈಶಪ್ಪ ಕಾಲೆಳೆಯುತ್ತ ಮನೆಗೆ ಬಂದಾಗ ಕಳಕಪ್ಪನವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತ ವಿರೂಪಾಕ್ಷಮ್ಮನ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಶಾಂತಕ್ಕ ಗುಂಡಿ ಒತ್ತಿದಳು. ಹಾಡು ಈಶಪ್ಪನ ಮನೆಯೊಳಗಿನಿಂದಲೇ ಬಂದಂತೆ ಕೇಳಿತು: ‘ಸಂತಿಗಿ ಹೋದ ಮಾವ ಬಂದಾನ...’

ಕಳಕಪ್ಪನವರ ಮುಖ ಅರಳಿತು.

"ಆಹಾ! ಮಾವ ಬಂದದ್ದು ನಮ್ಮ ರೇಡಿಯೋಕ್ಕೂ ಗೊತ್ತಾತು ನೋಡ್ರಿ! ಎಷ್ಟು ಛಲೋ ಇಟ್ಟೀರಿ ಅಳಿಯಂದ್ರ!"

ಈಶಪ್ಪನಿಗೆ ಹೋದ ಜೀವ ಬಂದಂತಾಯಿತು. ಶಾಂತಕ್ಕನ ಹೊಟ್ಟೆ ತಣ್ಣಗಿರಲಿ! "ದಿನಾ ಬಟ್ಟೀಲೇ ಒರಸ್ತೀನ್ರಿ ಮಾವಾರ," ಎಂದ. ಹದಿನೈದು ದಿನದಲ್ಲಿ ಮೊದಲ ಸಲ ವಿರೂಪಾಕ್ಷಮ್ಮ ಅವನನ್ನು ನೋಡಿ ನಕ್ಕಳು.

‘ಸೊಸಿಯ ಮುಡಿಗಿ... ಟಕ್...’

ಕಳಕಪ್ಪನವರ ಕೈಯ ಬಟ್ಟಲು ಅಲ್ಲೇ ನಿಂತಿತು. ಮುಖದ ಮೇಲಿದ್ದ ನಗೆ ಇಳಿಯಿತು.

"ಏನದು ಟಕ್? ಅಳಿಯಂದ್ರ, ಖರೇ ಹೇಳ್ರಿ... ಬಿಚ್ಚೀರೇನು? ಒಳಗಿಂದ ತರ್ರಿ ಇಲ್ಲಿ, ನೋಡೂಣು!"