ಹದಿಮೂರೂವರೆ ಅಂಕದ ಹೊಗೆ ಒಲೆ

ಎಲ್ಲ ಶುರುವಾಗಿದ್ದು ಒಂದು ಕುಂಟು ಕಾಲಿನಿಂದ. ಗುರುವಾರ ಬೆಲ್‌ಫೋರ್ಡ್ ಕಾಲೇಜಿನ ನೀರುನಾಯಿಗಳು ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಹೀರೋ, ಅದೇ ಚೆಂಡು ಎಸೆಯುವ ಹುಡುಗ, ಡೆಲ್ಬರ್ಟ್ ಕೆಲಸ ಮಾಡುವ ಟೈರ್ ಅಂಗಡಿಗೆ ಬಂದಿದ್ದ. ಕುಂಟುತ್ತಾ ಬಂದ, ಕುಂಟುತ್ತಾ ಹೋದ. ಅಲಬಾಮಾದ ಆ ಪುಟ್ಟ ಊರಲ್ಲಿ ಇಷ್ಟು ದೊಡ್ಡ ಗುಟ್ಟು ತನ್ನೊಬ್ಬನಿಗೇ ಗೊತ್ತು ಅನ್ನುವುದು ಡೆಲ್ಬರ್ಟನ ಹೊಟ್ಟೆಯೊಳಗೆ ಅಲುಗಾಡಿಸಿದ ಸೋಡಾ ಬಾಟಲಿಯ ಹಾಗೆ ಬುಸುಗುಡತೊಡಗಿತು.

ಜೊತೆಗೆ ಕೆಲಸ ಮಾಡುವ ಕ್ಲೈಡ್ ಅದೇ ಹೊತ್ತಿಗೆ ಬಾಯಿ ಹಾಕಿದ. "ಶನಿವಾರ ನಮ್ಮೋರು ಆ ಮರಕುಟಿಗ ತಂಡದೋರನ್ನ ಹುರಿದು ತಿಂತಾರೆ. ಹದಿಮೂರೂವರೆ ಅಂಕದ ಅಂತರದಲ್ಲಿ ಗೆಲ್ತಾರೆ ಅಂತ ಪೇಪರ್‌ನೋರು ಬರೆದಿದಾರೆ."

"ಗೆಲ್ತಾರೆ ಕಣೋ. ಆದ್ರೆ ಅಷ್ಟು ಅಂತರದಲ್ಲಿ ಗೆಲ್ಲಲ್ಲ," ಎಂದ ಡೆಲ್ಬರ್ಟ್.

"ಹೌದಾ? ನನ್ನ ಮೀನು ಹಿಡಿಯೋ ದೋಣಿ ಪಣಕ್ಕಿಡ್ತೀನಿ. ನೀನೇನು ಇಡ್ತೀಯ, ನಿನ್ನ ಬೊಕ್ಕತಲೆನಾ?"

"ನಮ್ಮಪ್ಪನ ಹೊಗೆ ಒಲೆ!" ಎಂದುಬಿಟ್ಟ ಡೆಲ್ಬರ್ಟ್.

ನೀರುನಾಯಿಗಳು ಹದಿನಾಲ್ಕು ಅಥವಾ ಹೆಚ್ಚು ಅಂಕದಿಂದ ಗೆದ್ದರೆ ಒಲೆ ಕ್ಲೈಡನದು. ಹದಿಮೂರು ಅಥವಾ ಅದಕ್ಕಿಂತ ಕಡಿಮೆಗೆ ನಿಂತರೆ ದೋಣಿ ಡೆಲ್ಬರ್ಟನದು. ಆ ಅರ್ಧ ಅಂಕವನ್ನು ಮೈದಾನದಲ್ಲಿ ಯಾರೂ ಹೊಡೆಯುವುದಿಲ್ಲ. ಪಣ ಸರಿಸಮ ಆಗಿ, ಕಟ್ಟಿದವರು ತಲೆ ಒಡೆದುಕೊಳ್ಳದಿರಲಿ ಅಂತ ಇಟ್ಟಿರುವುದು ಅಷ್ಟೇ.

ಎಣ್ಣೆ ಡ್ರಮ್ಮು ಸೀಳಿ ಅಪ್ಪ ಕೈಯಾರೆ ಬೆಸೆದ ಒಲೆ ಅದು. ಆಟದ ದಿನ ಇಡೀ ಬೀದಿಗೆ ಹಂದಿಮಾಂಸ ಬೇಯುವುದು ಅದರಲ್ಲೇ. ಹೆಂಡತಿ ವಾಂಡಾಗೆ ಡೆಲ್ಬರ್ಟನಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ. ಇನ್ನೂ ದೊಡ್ಡ ಭಯ ಬೇರೆ ಇತ್ತು. ಆ ಊರಲ್ಲಿ ಚರ್ಚು ಬದಲಿಸಿದವನನ್ನು ಕ್ಷಮಿಸುತ್ತಾರೆ, ಹೆಂಡತಿ ಬದಲಿಸಿದವನನ್ನೂ ಕ್ಷಮಿಸುತ್ತಾರೆ. ನೀರುನಾಯಿಗಳ ವಿರುದ್ಧ ಪಣ ಕಟ್ಟಿದವನ ಹೆಣಕ್ಕೂ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಡೆಲ್ಬರ್ಟನ ಹಜಾರ ತುಂಬಿಹೋಗಿತ್ತು. ಎದುರು ಮನೆಯ ಅಜ್ಜಿ ಮಿಸ್ ಅರ್ಲೀನ್, ಈ ಸಲದ ಪಂದ್ಯಗಳು ಶುರುವಾದಾಗಿನಿಂದ ಒಗೆಯದ ಕಿತ್ತಳೆ ಸ್ವೆಟರಿನಲ್ಲಿ ಬಂದು ಕೂತಿದ್ದಳು. ಪಕ್ಕದ ಮನೆಯ ಟ್ರಾವಿಸ್ ಸೋಫಾದಲ್ಲಿ ಜಾಗ ಇದ್ದರೂ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಹೋದ ವಾರ ಹಾಗೆ ಕೂತಾಗ ತಂಡ ಗೆದ್ದಿತ್ತಲ್ಲ!

ಆಟ ಶುರುವಾಯಿತು. ಡೆಲ್ಬರ್ಟ್ ಬಚ್ಚಲಿಗೆ ಹೋದ. ಒಳಗಿದ್ದಾಗಲೇ ಮನೆ ಅದುರುವಷ್ಟು ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ನೀರುನಾಯಿಗಳಿಗೆ ಏಳು ಅಂಕ. ಕುಂಟುಕಾಲಿನ ಹುಡುಗ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಜಿಂಕೆಯ ಹಾಗೆ ಓಡುತ್ತಿದ್ದುದನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು.

"ಕುಣಿಯೋ ಡೆಲ್ಬರ್ಟ್!" ಎಂದ ಟ್ರಾವಿಸ್. ಡೆಲ್ಬರ್ಟ್ ಹಲ್ಲುನೋವಿನವನು ನಗುವ ಹಾಗೆ ನಕ್ಕು ಕುಣಿದ.

ಅವನು ಸೋಫಾದಲ್ಲಿ ಕೂತ ಸ್ವಲ್ಪ ಹೊತ್ತಿಗೇ ಮರಕುಟಿಗಗಳು ಸರಿಸಮ ಮಾಡಿದರು. ಐಸ್ ತರಲು ಅಡುಗೆಮನೆಗೆ ಹೋದ, ನಮ್ಮವರು ಮತ್ತೆ ಏಳು ಹೊಡೆದರು. ವಾಪಸ್ ಬಂದ, ಅವರೂ ಏಳು ಹೊಡೆದರು.

ಮಿಸ್ ಅರ್ಲೀನ್ ಕನ್ನಡಕದ ಮೇಲಿಂದ ಅವನನ್ನೇ ನೋಡಿದಳು. "ಮಗಾ, ತಪ್ಪು ತಿಳ್ಕೋಬೇಡ. ನೀನು ಶನಿ ಕಣಪ್ಪ."

"ಅಯ್ಯೋ, ಏನು ಮಿಸ್ ಅರ್ಲೀನ್ ಹಿಂಗಂತೀರ!"

"ಎದ್ದು ಆಚೆ ಹೋಗು. ದೇವರ ಆಣೆ, ಈಗ ಏಳು ಬರುತ್ತೆ."

ವಾಂಡಾ ಅವನ ತೋಳು ಹಿಡಿದು ಎಬ್ಬಿಸಿ, ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ ಕೈಗಿಟ್ಟು ಗ್ಯಾರೇಜಿಗೆ ತಳ್ಳಿದಳು. ಡೆಲ್ಬರ್ಟ್ ಅಪ್ಪನ ಒಲೆಗೆ ಒರಗಿ ನಿಂತ. ಒಳಗೆ ಕೂಗಾಯಿತು. ಆಮೇಲೆ ಇನ್ನೊಂದು ಕೂಗು, ಸ್ವಲ್ಪ ಸಣ್ಣದು. ಬಾಗಿಲ ಸಂದಿಗೆ ಕಿವಿ ಇಟ್ಟು ಕೇಳಿದ. ಹತ್ತು ಅಂಕ ಮುಂದೆ! ಇನ್ನು ನಾಲ್ಕು ಸಾಕು, ಒಲೆ ಹೋಗಲು.

ತಾನು ಹೊರಗಿದ್ದಷ್ಟೂ ನೀರುನಾಯಿಗಳು ಹೊಡೆಯುತ್ತಾರೆ ಅನ್ನುವುದನ್ನು ಈಗ ಡೆಲ್ಬರ್ಟನೂ ನಂಬಿಬಿಟ್ಟಿದ್ದ. ಹಿತ್ತಲಿಗೆ ಓಡಿ ಅಡುಗೆಮನೆ ಕಿಟಕಿ ಹತ್ತಿದ. ಹೊಟ್ಟೆ ಸಿಕ್ಕಿಕೊಂಡಿತು. ಉಸಿರು ಬಿಗಿಹಿಡಿದು ಒಳಗೆ ಜಾರಿದವನು ಚೀಸ್ ಬಟ್ಟಲಲ್ಲಿ ಮೊಣಕೈ ಊರಿದ. ಹಾಗೇ ಅಂಬೆಗಾಲಿಕ್ಕುತ್ತಾ ಹೋಗಿ ಸೋಫಾ ಹಿಂದೆ ಅಡಗಿ ಕೂತ.

ಅದು ಕೆಲಸ ಮಾಡಿತು! ನೀರುನಾಯಿಗಳು ಆಮೇಲೆ ಒಂದಂಕವನ್ನೂ ಹೊಡೆಯಲಿಲ್ಲ. ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಈಗ ಚೆಂಡು ಮರಕುಟಿಗಗಳ ಕೈಯಲ್ಲಿ, ಅದೂ ದಾಟಿದರೆ ಅವರಿಗೆ ಅಂಕ ಸಿಗುವ ನಮ್ಮ ಗೆರೆಯ ಬುಡದಲ್ಲಿ. ಡೆಲ್ಬರ್ಟನಿಗೆ ದೋಣಿಯ ಬಣ್ಣ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಮಿಸ್ ಅರ್ಲೀನ್ ಮೂಗರಳಿಸಿದಳು. "ಸೋಫಾ ಹಿಂದಿಂದ ಚೀಸ್ ವಾಸನೆ ಬರ್ತಿದೆ."

ಟ್ರಾವಿಸ್ ಬಗ್ಗಿ ನೋಡಿದ. "ಇಲ್ಲಿದಾನೆ ಶನಿ!"

"ಗೆದ್ದಾಯ್ತಲ್ರೋ!" ಡೆಲ್ಬರ್ಟ್ ಅಂಗಲಾಚಿದ. "ಹತ್ತು ಅಂಕ ಮುಂದಿದೀವಿ. ಅವರು ಒಂದ್ಸಲ ಹೊಡೆದ್ರೂ ನಾವೇ ಗೆಲ್ಲೋದು. ಕೂತ್ಕೊಳ್ಳೋಕೆ ಬಿಡ್ರಪ್ಪ!"

"ಅದೂ ನಿಜಾನೇ, ಬಿಡಿ ಪಾಪ," ಎಂದಳು ಮಿಸ್ ಅರ್ಲೀನ್.

"ಬಿಡೋದಾ?" ವಾಂಡಾ ಚೀರಿದಳು. "ಆಚೆ ನಡಿ! ಟ್ರಾವಿಸ್, ಕಾಲು ಹಿಡ್ಕೋ!"

ಇಬ್ಬರೂ ಅವನನ್ನು ಸುತ್ತಿಟ್ಟ ಚಾಪೆಯ ಹಾಗೆ ಹೊತ್ತು ಗ್ಯಾರೇಜಿಗೆ ಹಾಕಿದರು. ಅಗುಳಿ ಬಿತ್ತು. ಡೆಲ್ಬರ್ಟ್ ಒಲೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ಒಳಗೆ ಒಂದು ಕೂಗು ಶುರುವಾಯಿತು, ನಿಲ್ಲಲೇ ಇಲ್ಲ. ಉದ್ದವಾಗುತ್ತಾ, ಜೋರಾಗುತ್ತಾ, ಕೊನೆಗೆ ಒಲೆಯ ಮುಚ್ಚಳವೇ ಗಡಗಡ ಅಂದಿತು.

ಬಾಗಿಲು ತೆರೆಯಿತು. "ಅವರ ಚೆಂಡು ನಮ್ಮೋನ ಕೈಗೆ ಸಿಕ್ತು ಕಣೋ!" ಟ್ರಾವಿಸ್ ಬಕೆಟ್ಟನ್ನು ತಲೆಗೆ ಹಾಕಿಕೊಂಡು ಕುಣಿಯುತ್ತಿದ್ದ. "ಆ ತುದಿಯಿಂದ ಈ ತುದಿವರೆಗೂ ಓಡಿಬಿಟ್ಟ! ಹದಿನೇಳು ಅಂಕದಿಂದ ಗೆದ್ವಿ!"

ವಾಂಡಾ ಓಡಿಬಂದು ಗಂಡನ ಚೀಸ್ ಮೆತ್ತಿದ ತೋಳನ್ನೇ ತಬ್ಬಿಕೊಂಡಳು. "ನಂಗೆಲ್ಲ ಗೊತ್ತು ಕಣೋ ಪೆದ್ದ! ಒಲೆ ಪಣಕ್ಕಿಟ್ಟಿದೀಯ ಅಂತ ಕ್ಲೈಡ್ ಹೆಂಡ್ತಿ ಗುರುವಾರವೇ ಹೇಳಿದ್ಲು. ಸಿಟ್ಟು ಬಂದಿತ್ತು. ಆದ್ರೆ ನಮ್ಮ ಹುಡುಗರ ಮೇಲೆ ತಾನೇ ಕಟ್ಟಿರೋದು ಅಂತ ಸುಮ್ಮನಾದೆ. ಹದಿನಾಲ್ಕು ದಾಟಿಸ್ಬೇಕಿತ್ತಲ್ಲ, ಅದಕ್ಕೇ ನಿನ್ನ ಎತ್ತಿ ಹಾಕಿದ್ದು! ಒಲೆ ಉಳಿಸ್ಕೊಟ್ಟೆ ನೋಡು!"

ಡೆಲ್ಬರ್ಟ್ ಒಲೆಗೆ ಅಡ್ಡವಾಗಿ ನಿಂತ. ಅಷ್ಟರಲ್ಲಿ ಅಂಗಳಕ್ಕೆ ಕ್ಲೈಡನ ಪಿಕಪ್ ಗಾಡಿ ಹಿಂದುಹಿಂದಾಗಿ ಬಂದು ನಿಂತಿತು. ಹಿಂದೆ ಹಗ್ಗ ಸಿದ್ಧವಾಗಿತ್ತು. ದೋಣಿ ಇರಲಿಲ್ಲ.

"ಆ ಹುಡುಗ ಕುಂಟಿದ್ದು ನಾನೂ ನೋಡಿದ್ದೆ. ಹೊಸ ಬೂಟು ಕಚ್ಚಿತ್ತಂತೆ ಕಣೋ, ಅಷ್ಟೇ!" ಎನ್ನುತ್ತಾ ಕ್ಲೈಡ್ ಇಳಿದ. "ಎಲ್ಲಿ, ನಮ್ಮೋರು ಗೆಲ್ಲಿಸಿಕೊಟ್ಟ ಒಲೆ? ಟ್ರಾವಿಸ್, ಒಂದು ಕೈ ಹಾಕು."

ಕುಣಿತ ನಿಂತಿತು. ಟ್ರಾವಿಸ್ ತಲೆಯಿಂದ ಬಕೆಟ್ ತೆಗೆದ. ವಾಂಡಾ ಕ್ಲೈಡನನ್ನು ನೋಡಿದಳು, ಒಲೆಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಅವಳ ಕೈ ನಿಧಾನವಾಗಿ ಅವನ ತೋಳಿನಿಂದ ಜಾರಿತು. ಸೀದಾ ಒಳಗೆ ಹೋದಳು.

ಒಲೆ ಗಾಡಿ ಹತ್ತಿತು, ಗಾಡಿ ಬೀದಿ ತಿರುಗಿತು. ವಾಂಡಾ ಹೊರಗೆ ಬಂದಳು. ಗ್ಯಾರೇಜಿನಲ್ಲಿ ಒಲೆ ಇದ್ದ ಕಪ್ಪು ಗುರುತಿನ ಮೇಲೆ ಡೆಲ್ಬರ್ಟನ ದಿಂಬು, ಕಂಬಳಿ ಎಸೆದಳು. "ಜಾಗ ಖಾಲಿ ಆಯ್ತಲ್ಲ. ಇಲ್ಲೇ ಬಿದ್ದಿರು."

"ವಾಂಡಾ, ಎಷ್ಟು ದಿನ?"

ಉತ್ತರ ಕೊಟ್ಟದ್ದು ಮಿಸ್ ಅರ್ಲೀನ್. ಸ್ವೆಟರಿನ ಮೇಲಿದ್ದ ಕಡಲೆಕಾಯಿ ಸಿಪ್ಪೆ ಕೊಡವುತ್ತಾ, ತುಂಬಾ ನೆಮ್ಮದಿಯಿಂದ ಅಂದಳು:

"ಪಂದ್ಯಗಳೆಲ್ಲ ಮುಗಿಯೋವರೆಗೂ ಒಳಗೆ ಬಿಡ್ಬೇಡ ಕಣಮ್ಮ. ಈ ವರ್ಷ ಕಪ್ ನಮ್ದೇ."