ಒಬ್ಬರೇ ಅತ್ತಿಗೆ, ಇಬ್ಬರು ಪ್ರಯಾಣಿಕರು

ಒಂದೇ ಮೈಯಲ್ಲಿ ಇಬ್ಬರು ಹೆಂಗಸರನ್ನು ತುಂಬಿಕೊಂಡು ಒಂದೇ ಟಿಕೆಟಿನಲ್ಲಿ ಊರಿಗೆ ಹೊರಟವರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಯಾರಾದರೂ ಇದ್ದರೆ, ಅದು ನಮ್ಮ ಅತ್ತಿಗೆ! ಹೆಸರೇನು ಅಂದಿರಾ? ಅದೇ ತಾನೇ ತಕರಾರು. ಅವರಿಗೆ ಎರಡಿವೆ. ಒಂದನ್ನೂ ನಾನು ಹೇಳುವುದಿಲ್ಲ. ಎಪ್ಪತ್ತೆರಡು ವರ್ಷವಾದರೂ ಅವರ ಕೈಯ ಸಟ್ಟುಗ ಇನ್ನೂ ಗುರಿ ತಪ್ಪುವುದಿಲ್ಲ.

ನಮ್ಮದು ಉಡುಪಿ ಕಡೆಯ ಕೊಂಕಣಿ ಮನೆತನ. ಸೊಸೆ ಮನೆ ತುಂಬುವ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಹೆಂಡತಿಗೆ ಹೊಸ ಹೆಸರು ಬರೆಯಬೇಕು. ಅಲ್ಲಿಗೆ ತವರಿನ ಹೆಸರು ತವರಿನಲ್ಲೇ ಉಳಿಯಿತು! ನಮ್ಮಣ್ಣನ ಮದುವೆಯಲ್ಲಿ ಅಮ್ಮ ಒಂದು ದೇವಿಯ ಹೆಸರು ಅಂದರು, ದೊಡ್ಡಮ್ಮ ಇನ್ನೊಂದು ದೇವಿ. ಇಬ್ಬರು ದೇವಿಯರ ನಡುವೆ ಉಂಗುರ ಹಿಡಿದು ಬೆವರುತ್ತಾ ಕೂತಿದ್ದ ಅಣ್ಣ ಪಕ್ಕದಲ್ಲಿದ್ದ ನನ್ನ ಮುಖ ನೋಡಿದ. ನನಗೆ ಹದಿನೇಳು. ಕಿವಿಯಲ್ಲಿ ಒಂದು ಹೆಸರು ಉಸುರಿದೆ. ಅವನು ಬರೆದೇಬಿಟ್ಟ! ಎಲ್ಲರೂ, "ಆಹಾ, ಎಷ್ಟು ಚಂದದ ಹೆಸರು!" ಅಂದರು. ಚಂದ ಇರಲೇಬೇಕಲ್ಲ? ನಮ್ಮ ಕಡೆ ಖಾಸಗಿ ಬಸ್ಸುಗಳಿಗೆಲ್ಲ ಹೆಸರಿರುತ್ತದೆ. ಅದು ನನ್ನನ್ನು ದಿನಾ ಕಾಲೇಜಿಗೆ ಒಯ್ಯುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಹೆಸರು!

ಇಂಥ ಕೆಲಸ ಮಾಡಿ ದಕ್ಕಿಸಿಕೊಂಡ ಮೈದುನ ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ಬೀಗಿದ್ದು ನಾಲ್ಕೇ ದಿನ. ಐದನೆಯ ದಿನ ಅತ್ತಿಗೆ ಅಣ್ಣನ ಜೊತೆ ಬಸ್ಸಿನಲ್ಲಿ ಪೇಟೆಗೆ ಹೋಗಿ ಬಂದರು. ನನ್ನ ಮುಂದೆ ಚಹಾದ ಲೋಟ ಇಟ್ಟು, "ಇವತ್ತು ನನ್ನಲ್ಲಿ ಕೂತುಕೊಂಡೇ ಹೋದದ್ದು ಮಾರಾಯ. ಸೀಟು ಅಷ್ಟೇನೂ ಮೆತ್ತಗಿಲ್ಲ," ಅಂದರು. ಚಹಾಕ್ಕೆ ಉಪ್ಪು ಹಾಕಿದ್ದರು. ಪೂರ್ತಿ ಕುಡಿದೆ. ಮತ್ತೇನು ಮಾಡಲಿ?

ಇಷ್ಟಾದರೂ ಆ ಹೆಸರು ಬಿಡಲಿಲ್ಲ ನೋಡಿ. ಭಾರತದ ಪಾಸ್‌ಪೋರ್ಟಿನಲ್ಲಿ ಅದೇ, ಮಗನ ಹತ್ತಿರ ಕ್ಯಾಲಿಫೋರ್ನಿಯಾದ ಎವರ್‌ಗ್ರೀನಿಗೆ ಬಂದ ಮೇಲೆ ಗ್ರೀನ್ ಕಾರ್ಡಿನಲ್ಲೂ ಅದೇ. ಹಾಗೆ ಅರ್ಧ ಶತಮಾನ ಓಡಿದ ಬಸ್ಸು ಕಳೆದ ವರ್ಷ ಅಮೆರಿಕದ ಪೌರತ್ವದ ಸಂದರ್ಶನದಲ್ಲಿ ಗಕ್ಕನೆ ನಿಂತಿತು.

ಸಂದರ್ಶನಕ್ಕೆ ಅವರು ತಯಾರಾದ ರೀತಿ ನೋಡಬೇಕಿತ್ತು! ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿ, ದೋಸೆ ಹುಯ್ಯುತ್ತಾ ನಮಗೇ ಪರೀಕ್ಷೆ ಇಟ್ಟರು. ಸೆನೆಟರುಗಳು ಎಷ್ಟು ಜನ ಅಂತ ಹೇಳದವನಿಗೆ ಎರಡನೆಯ ದೋಸೆ ಇಲ್ಲ. ನಾನು ಇಪ್ಪತ್ತು ವರ್ಷದ ಹಿಂದೆಯೇ ಪೌರನಾದವನು. ಒಂದೇ ದೋಸೆಗೆ ಎದ್ದೆ!

"ಬೇರೆ ಯಾವುದಾದರೂ ಹೆಸರು ಬಳಸಿದ್ದೀರಾ?" ಅಂತ ಅಧಿಕಾರಿ ಕೇಳಿದನಂತೆ. ಪಾಪ, ಫಾರಮಿನಲ್ಲಿರುವ ಪ್ರಶ್ನೆ. ಅತ್ತಿಗೆ ಹರಿವಾಣ, ಅಕ್ಕಿ, ಉಂಗುರ, ಬಸ್ಸು ಎಲ್ಲ ವಿವರಿಸಿದರು. ಕೇಳಿ ಸುಸ್ತಾದ ಅವನು, "ಹಾಗಾದರೆ ಈಗ ಹೆಸರು ಬದಲಾಯಿಸುತ್ತೀರಾ? ಇದೇ ಅರ್ಜಿಯಲ್ಲಿ ಆಗುತ್ತದೆ," ಅಂದ. ಇವರು ಒಂದು ಕ್ಷಣವೂ ಯೋಚಿಸದೆ ತವರಿನ ಹೆಸರು ಬರೆದುಕೊಟ್ಟು ಬಂದರು! ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಕೋರ್ಟಿನಲ್ಲಿ ಪ್ರಮಾಣವಚನದ ದಿನ ಸರ್ಟಿಫಿಕೇಟು ನೋಡಿದ ಮಗನ ಮುಖ ಚಿಕ್ಕದಾಯಿತು. "ಅಮ್ಮ, ಅದು ಅಪ್ಪ ಬರೆದ ಹೆಸರು ಅಲ್ವಾ?" ಅಂದ. ಅಣ್ಣ ತೀರಿಕೊಂಡು ನಾಲ್ಕು ವರ್ಷ. ನನಗೂ ಒಳಗೊಳಗೇ ಚುರುಕ್ ಅಂದಿತು. ಎಷ್ಟೆಂದರೂ ನನ್ನ ಕೃತಿ!

"ಯಾಕೆ ಅತ್ತಿಗೆ?" ಅಂದೆ.

"ಎಂತ ಮಾಡುದು ಮಾರಾಯ, ಹಳೆ ಬಸ್ಸು. ಪರ್ಮಿಟ್ಟು ಮುಗೀತು."

ಮೊಮ್ಮಗಳು ಮಾತ್ರ ಬಿಡಲಿಲ್ಲ. "ಅಜ್ಜಿ, ವಿಚ್ ಒನ್ ಈಸ್ ದ ರಿಯಲ್ ಯೂ?" ಅಂತ ಕೇಳಿದಳು. "ಎರಡೂ ಅಲ್ಲ. ನಿಂಗೆ ನಾನು ಅಜ್ಜಿ. ಹೋಗಿ ಕೈ ತೊಳಕೊಂಡು ಬಾ," ಅಂದರು.

ಹೊಸ ಪಾಸ್‌ಪೋರ್ಟು ಬಂತು. ವೀಸಾ ಇಲ್ಲದೆ ಭಾರತಕ್ಕೆ ಹೋಗಿ ಬರುವ ಓಸಿಐ ಕಾರ್ಡೂ ಬಂತು. ಎರಡರಲ್ಲೂ ತವರಿನ ಹೆಸರೇ. "ಈಗ ನಾನು ಎರಡು ದೇಶದವಳು, ಹೆಸರು ಮಾತ್ರ ಒಂದೇ," ಅಂತ ಮೆರೆದರು. ಅಷ್ಟರಲ್ಲಿ ಉಡುಪಿಯಿಂದ ಫೋನು. ಅವರ ಅಕ್ಕನಿಗೆ ಹೃದಯದ ಆಪರೇಷನ್ನು, ಬರುವ ಶುಕ್ರವಾರವೇ ಆಗಬೇಕು. ಎಂಬತ್ತೊಂದು ವರ್ಷದ ಆ ಅಕ್ಕ ಡಾಕ್ಟರಿಗೆ ಖಡಾಖಂಡಿತ ಹೇಳಿಬಿಟ್ಟಿದ್ದರಂತೆ: "ತಂಗಿ ಬರ್ಬೇಕು. ಅವಳ ಮುಖ ನೋಡದೆ ನಾನು ನಿಮ್ಮ ಮೇಜಿನ ಮೇಲೆ ಮಲಗುದಿಲ್ಲ." ಹಟದಲ್ಲಿ ಅಕ್ಕ ತಂಗಿ ಇಬ್ಬರೂ ಒಂದೇ ಅಚ್ಚು!

ಮಗ ಸ್ಯಾನ್ ಮಟಿಯೋದ ಆಫೀಸಿನಲ್ಲಿ, ಮೀಟಿಂಗಿನೊಳಗೆ ಮೀಟಿಂಗು. "ಬಿಡಿ, ಟಿಕೆಟು ನಾನು ಮಾಡ್ತೇನೆ," ಅಂದೆ. ಇಲ್ಲೇ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ನನ್ನ ಮನೆಯ ಸೋಫಾದಲ್ಲಿ ಕಾಲು ಚಾಚಿ ಕೂತು ಹತ್ತೇ ನಿಮಿಷದಲ್ಲಿ ಮುಗಿಸಿದೆ. ಕಿಟಕಿಯ ಸೀಟು, ಸಸ್ಯಾಹಾರ, ಗಾಲಿಕುರ್ಚಿ, ಎಲ್ಲ. ಈಗಿನ ಹುಡುಗರಿಗೆ ಇಷ್ಟು ಚುರುಕು ಎಲ್ಲಿಂದ ಬರಬೇಕು?

ಬುಧವಾರ ಮಧ್ಯಾಹ್ನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹುಡುಗಿಯೊಬ್ಬಳು ಪಾಸ್‌ಪೋರ್ಟು ನೋಡಿದಳು, ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟು ನೋಡಿದಳು. "ಸಾರಿ ಮ್ಯಾಮ್, ಈ ಟಿಕೆಟು ನಿಮ್ಮದಲ್ಲ. ಇದರಲ್ಲಿರುವವರು ಎಲ್ಲಿ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಜೊತೆಗೆ ಹೋಗಿದ್ದ ನಾನು ಫೋನಿನಲ್ಲಿ ಟಿಕೆಟು ತೆಗೆದು ನೋಡಿದೆ. ಐವತ್ತು ವರ್ಷದ ರೂಢಿ! ಬೆರಳುಗಳು ಬಸ್ಸಿನ ಹೆಸರನ್ನೇ ಒತ್ತಿದ್ದವು.

ಅತ್ತಿಗೆ ನನ್ನ ಕಡೆ ತಿರುಗಿದರು. "ಇದೂ ನಿನ್ನ ಕೀಟಲೆಯಾ?"

"ಇಲ್ಲ ಅತ್ತಿಗೆ, ನನ್ನಾಣೆ!"

"ನಿನ್ನಾಣೆಗೆ ಎಂತ ಬೆಲೆ ಉಂಟು? ಬೇರೆ ಯಾರದ್ದಾದ್ರೂ ಇಡು."

ಜೀವಮಾನದಲ್ಲಿ ಒಮ್ಮೆ ಪ್ರಾಮಾಣಿಕವಾಗಿ ತಪ್ಪು ಮಾಡಿದೆ, ಅದನ್ನೂ ಯಾರೂ ನಂಬಲಿಲ್ಲ!

ಅತ್ತಿಗೆ ಕೌಂಟರಿಗೆ ತಿರುಗಿ, "ಅವಳೂ ನಾನೇ, ಇವಳೂ ನಾನೇ," ಅಂದು ಚೀಲ ಬಿಚ್ಚಿದರು. ಹುಟ್ಟಿದ ಲಾಗಾಯ್ತಿನ ಕಾಗದಗಳೆಲ್ಲ ಇರುವ ಬಟ್ಟೆಯ ಚೀಲ ಅದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂತು, ಹಳೆಯ ರೇಷನ್ ಕಾರ್ಡು ಬಂತು, ಕೊನೆಗೆ ಮದುವೆಯ ಕಪ್ಪು ಬಿಳುಪು ಫೋಟೋ. ಹರಿವಾಣ, ಅಕ್ಕಿ, ಬಗ್ಗಿ ಬರೆಯುತ್ತಿರುವ ಅಣ್ಣ, ಹಿಂದೆ ಹಲ್ಲು ಕಿರಿಯುತ್ತಿರುವ ನಾನು! ಹುಡುಗಿ ಅದನ್ನು ಆಚೆ ಈಚೆ ತಿರುಗಿಸಿ, "ಇದು ಅಡುಗೆ ಕ್ಲಾಸಾ?" ಅಂದಳು.

"ಇದು ಸಾಕ್ಷಿ. ಹೆಸರಿಟ್ಟ ಕಳ್ಳನೂ ಇಲ್ಲೇ ನಿಂತಿದ್ದಾನೆ, ಬೇಕಾದ್ರೆ ವಿಚಾರಿಸು," ಅಂದರು ಅತ್ತಿಗೆ.

ಕಟ್ಟಕಡೆಗೆ ಚೀಲದ ತಳದಿಂದ ಹೆಸರು ಬದಲಾದದ್ದಕ್ಕೆ ಕೋರ್ಟು ಕೊಟ್ಟ ಕಾಗದ ಹೊರಬಿತ್ತು. ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಹಾಳೆಯಲ್ಲಿ! ಮೊದಲೇ ಅದನ್ನು ತೆಗೆಯಬಾರದಿತ್ತೇ? ಹುಡುಗಿ ಅದನ್ನೂ ಪಾಸ್‌ಪೋರ್ಟನ್ನೂ ಹಿಡಿದುಕೊಂಡು ಮೇಲಿನವರನ್ನು ಕೇಳಲು ಒಳಗೆ ಹೊರಟಳು. "ಕೂತಿರಿ, ಕರೆಯುತ್ತೇವೆ. ಆಗುತ್ತೋ ಇಲ್ಲವೋ ಹೇಳಲಾರೆ. ಸಮಯ ಕಡಿಮೆ ಇದೆ," ಅಂದಳು.

ಬೆಂಚಿನ ಮೇಲೆ ಕೂತೆವು. ಈ ವಿಮಾನ ತಪ್ಪಿದರೆ ಶುಕ್ರವಾರ ತಪ್ಪಿತು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ತಪ್ಪಾಯ್ತು ಅತ್ತಿಗೆ," ಅಂದೆ. ಆ ಮಾತು ನನ್ನ ಬಾಯಿಂದ ಅವರು ಕೇಳಿದ್ದು ಅದೇ ಮೊದಲು.

ಅವರು ಮದುವೆಯ ಫೋಟೋವನ್ನು ಚೀಲದೊಳಗೆ ಇಟ್ಟರು. "ನೀನಿಟ್ಟ ಹೆಸರಿನ ಮೇಲೆ ನಂಗೆ ಸಿಟ್ಟಿಲ್ಲ ಮಾರಾಯ. ನಿಮ್ಮಣ್ಣ ಅದನ್ನು ಎಷ್ಟು ಚಂದ ಕರೀತಿದ್ರು. ಆದ್ರೆ ಅಮ್ಮ ಅಪ್ಪ ಇಟ್ಟ ಹೆಸರಿನಲ್ಲಿ ನನ್ನನ್ನು ಕರೆಯುವವರು ಈಗ ಅಕ್ಕ ಒಬ್ಬಳೇ. ಅವಳಿಗೂ ಏನಾದ್ರೂ ಆದ್ರೆ, ಅಂಥ ಒಂದು ಹುಡುಗಿ ಇದ್ದಳು ಅಂತ ಯಾರಿಗೆ ಗೊತ್ತುಂಟು ಹೇಳು? ಅದಕ್ಕೇ ಬರೆಸಿದ್ದು. ಇಂಥ ಕೌಂಟರಿನಲ್ಲಾದ್ರೂ ಯಾರಾದ್ರೂ ಒಬ್ಬರು ಕರೀಲಿ ಅಂತ."

 

ಒಳಗಿನಿಂದ ಇನ್ನೊಬ್ಬ ಹೆಂಗಸು ಬಂದು ಪಾಸ್‌ಪೋರ್ಟು ಎತ್ತಿ ಹಿಡಿದು, ಆ ಹೆಸರನ್ನು ಜೋರಾಗಿ ಕೂಗಿದಳು. ಗಾಲಿಕುರ್ಚಿ ಕೇಳಿದ್ದ ನಮ್ಮ ಅತ್ತಿಗೆ ಶಾಲೆಯ ಹಾಜರಿಗೆ ಏಳುವವರ ಹಾಗೆ ಎದ್ದು ನಿಂತರು. ಟಿಕೆಟು ಸರಿಯಾಗಿತ್ತು.

ಶನಿವಾರ ಬೆಳಗ್ಗೆ ನನ್ನ ಫೋನಿಗೆ ಉಡುಪಿಯಿಂದ ಅವರದೊಂದು ವಾಯ್ಸ್ ಮೆಸೇಜು ಬಂತು. ಅತ್ತಿಗೆಯ ಒಂದು ಮಾತೂ ಅದರಲ್ಲಿಲ್ಲ. ಆಸ್ಪತ್ರೆಯ ಯಂತ್ರದ ಟಿಕ್ ಟಿಕ್ ಸದ್ದು. ಆಮೇಲೆ, ಆಗಷ್ಟೇ ಎಚ್ಚರವಾದ ಒಂದು ಮುದಿ ದನಿ, ಒಣಗಿದ ಗಂಟಲಿನಲ್ಲಿ, ತಂಗಿಯ ಹೆಸರು ಹಿಡಿದು ಕರೆಯುತ್ತಿತ್ತು. ಒಂದು ಸಲ. ಇನ್ನೊಂದು ಸಲ.