ಕದಿರಪ್ಪನವರ ಜಟಕಾ ಕುದುರೆಗೆ, ನನ್ನ ಮೊಣಕಾಲಿನ ವಿಷಯವಾಗಿ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ, ಹುಣಸೇಮರದ ನೆರಳಲ್ಲಿ ಒಂದು ಕಾಲು ಮಡಿಸಿ ನಿಂತು ಲೋಕವನ್ನು ಅರೆಗಣ್ಣಿನಲ್ಲಿ ನೋಡುವ, ಕದಿರಪ್ಪನವರ ಬೂದುಬಣ್ಣದ ಕುದುರೆಯಾದ ಶ್ರೀಮಾನ್ ದೊರೆಯವರ ನಾಲ್ಕೂ ಗೊರಸುಗಳಿಗೆ, ಬಂಗಾರಪೇಟೆಗೆ ಮೂರು ಮೈಲಿ ದೂರದ ಹಳ್ಳಿಯ ರೈತ ಶ್ರೀರಾಮಪ್ಪನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಮ್ಮೆಗಳು ಕ್ಷೇಮ. ನನ್ನ ಕ್ಷೇಮವನ್ನು ತಾವೇ ಹಾಳು ಮಾಡಿರುವುದರಿಂದ ಅದರ ವಿವರ ಕೆಳಗೆ ಬರೆದಿದ್ದೇನೆ.

ಮಾನ್ಯರೇ,

ತಮ್ಮನ್ನು ಹೊಗಳದೆ ದೂರಿಗೆ ಕೈಹಾಕಿದರೆ ಉಂಡ ಮನೆಗೆ ಎರಡು ಬಗೆದ ಹಾಗಾದೀತು. ೧೯೫೫ರಿಂದ ಈಚೆಗೆ, ಪ್ರತಿ ತಿಂಗಳ ಮೊದಲ ಶನಿವಾರ ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕೋರಮಂಡಲ್‌ನಲ್ಲಿ ಇಳಿದು, ತಮ್ಮ ಬೆನ್ನ ಹಿಂದೆ ಹುಲ್ಲಿನ ಮೆತ್ತೆಯ ಮೇಲೆ ಕುಳಿತಾಗ ತಾವು ಒಮ್ಮೆಯೂ ಎಲ್ಲಿಗೆ ಎಂದು ಕೇಳಿದವರಲ್ಲ. ನಮ್ಮೂರಲ್ಲಿ ಬೆಳಿಗ್ಗೆ ಚೊಂಬು ಹಿಡಿದು ಹೊರಟವನನ್ನೂ ತಡೆದು "ಎಲ್ಲಿಗ್ಲಾ ಓಗ್ತಿದ್ದೀಯ?" ಎಂದು ಕೇಳುತ್ತಾರೆ. ತಮ್ಮ ಪೇಟೆಯಲ್ಲಿ ಮೂರು ಭಾಷೆಗಳಿದ್ದರೂ ಒಂದರಲ್ಲೂ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಚಿನ್ನದ ಗಣಿಯ ಸೈರನ್ ಕೂಗಿದಾಗ ಒಂದು ಪಾಳಿಯವರು ಭೂಮಿಯೊಳಗೆ ಇಳಿಯುತ್ತಾರೆ, ಇನ್ನೊಂದು ಪಾಳಿಯವರು ಮೇಲೆ ಬಂದು, ತಲೆ ಬಾಚಿ, ಇಸ್ತ್ರಿ ಷರಟು ತೊಟ್ಟು, ಮತ್ತೆ ಕೂಗುವವರೆಗೆ ಆತುರವೆಂಬುದೇ ಇಲ್ಲದೆ ಬೀದಿ ತುಂಬಿಕೊಂಡಿರುತ್ತಾರೆ. ಅವರ ನಡುವೆ ಯಾವ ಕೆಲಸವೂ ಇಲ್ಲದೆ ಅಲೆಯುವುದು ನನಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತು.

ಆದರೆ ಅಲೆಯುವುದಕ್ಕೆಂದು ಯಾವ ರೈತನನ್ನೂ ಮನೆಯಿಂದ ಬಿಡುವುದಿಲ್ಲವಾದ್ದರಿಂದ, ನನಗೆ ಮೊಣಕಾಲು ನೋವು ಬಂದಿತು. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಕಟ್ಟಿದವರು ನನ್ನನ್ನೇ ನೋಡಿ ಕಟ್ಟಿರಬೇಕು. ಪೇಟೆಯಲ್ಲಿ ವಿಲಾಯಿತಿಗೆ ಹೋಗಿ ಓದಿಬಂದ ಡಾಕ್ಟರೊಬ್ಬರು ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಾರೆಂದು ಮನೆಯಲ್ಲಿ ಹೇಳಿದೆ. ಅವರಿಗೆ ಬೊಕ್ಕತಲೆ, ದಪ್ಪ ಕನ್ನಡಕ, ಸ್ವಲ್ಪ ಸಿಡುಕು, ಎಲ್ಲವನ್ನೂ ನಾನೇ ದಯಪಾಲಿಸಿದೆ. ನನ್ನ ಹೆಂಡತಿ ಮುನಿನಾರಾಯಣಮ್ಮ ಅದನ್ನು ನಂಬಿ, ದಿನಾ ಸಂಜೆ ಆ ಮೊಣಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ನಾನು ಆಗಾಗ ಸರಿಯಾದ ಜಾಗದಲ್ಲಿ "ಅಮ್ಮಾ" ಎನ್ನುತ್ತಿದ್ದೆ.

ಎರಡು ವರ್ಷ ಸುಗಮವಾಗಿ ನಡೆದ ಈ ವ್ಯವಹಾರಕ್ಕೆ ಕಲ್ಲು ಬಿದ್ದದ್ದು, ಆಕೆ ಒಂದು ದಿನ ಎಣ್ಣೆ ಬಟ್ಟಲು ಕೆಳಗಿಟ್ಟು, "ನಂಗೂ ಬಾಳ ದಿನದಿಂದ ಮಂಡಿ ನೋಯ್ತೈತೆ, ಆ ಡಾಕ್ಟ್ರಿಗೆ ನಂದೂ ಒಂದ್ ದಪ ತೋರ್ಸಿ" ಎಂದಾಗ. ನಾನು ಎದೆಗುಂದಲಿಲ್ಲ. ಆಸ್ಪತ್ರೆಯ ಗೇಟಿನವರೆಗೆ ಕರೆದೊಯ್ದು, ಡಾಕ್ಟರು ರಜೆಯಲ್ಲಿದ್ದಾರೆಂದು ಹೇಳಿ, ಮುಂದಿನ ರೈಲಿಗೆ ವಾಪಸು ತರುವುದೆಂದು ನಿಶ್ಚಯಿಸಿದ್ದೆ. ಆ ಶನಿವಾರ ಆಕೆಯನ್ನು ಜಟಕಾ ಹತ್ತಿಸಿ, ತಮ್ಮ ಯಜಮಾನರಿಗೆ ನೇರ ಆಸ್ಪತ್ರೆಗೆ ಎಂದು ಗಟ್ಟಿಯಾಗಿ ಹೇಳಿಯೂ ಇದ್ದೆ. ಆದರೆ ಕದಿರಪ್ಪನವರು ಜಟಕಾ ಹತ್ತಿದ ಕೂಡಲೇ ನಿದ್ದೆ ಮಾಡುವವರು, ದಾರಿಯ ಜವಾಬ್ದಾರಿಯೆಲ್ಲ ತಮ್ಮದು.

ತಾವು ಮೊದಲು ನಿಂತದ್ದು ಬೇಕರಿಯ ಮುಂದೆ. ಬೇಕರಿಯವನು ಕೇಳದೆಯೇ ಎರಡು ಬೆಣ್ಣೆ ಬನ್ನು ತಂದು, ಒಂದನ್ನು ನನಗೂ ಇನ್ನೊಂದನ್ನು ತಮಗೂ ಕೊಟ್ಟ. ಆಮೇಲೆ ಕಾಫಿ ಹೋಟೆಲು, ಅಲ್ಲಿ ಮಾಣಿ ಓಡಿಬಂದು "ಸಾಮೀ, ನಿಮ್ ಮೂಲೆ ಕಾಲಿ ಐತೆ" ಎಂದ. ಆಮೇಲೆ ಹಾಕಿ ಮೈದಾನದ ಗೋಡೆ, ಅದನ್ನು ಹೋದ ತಿಂಗಳು ನಾನು ಒಂದೇ ನೆಗೆತಕ್ಕೆ ಹತ್ತಿದ್ದನ್ನು ಕಡಲೆಕಾಯಿ ಮಾರುವವಳು ಭಾರೀ ಮೆಚ್ಚುಗೆಯಿಂದ ನೆನಪಿಸಿಕೊಂಡಳು. ಕೊನೆಗೆ ಸಿನಿಮಾ ಟೆಂಟು. ಹತ್ತು ಹೆಜ್ಜೆ ಮುಂದೆ ಹೋಗಿದ್ದರೂ ತಾವು ಹಿಂದಕ್ಕೆ ಸರಿದು, ನಾನು ಯಾವಾಗಲೂ ಇಳಿಯುವ ಕಲ್ಲಿಗೆ ಜಟಕಾದ ಮೆಟ್ಟಿಲನ್ನು ಸರಿಯಾಗಿ ತಾಗಿಸಿದಿರಿ. ಆಗ ಮುನಿನಾರಾಯಣಮ್ಮ ಬಾಯಿಬಿಟ್ಟಳು: "ನಿಮ್ ಡಾಕ್ಟ್ರು ಬಾಳ ದೊಡ್ಡೋರು, ಬೀದಿಗೊಂದು ಆಸ್ಪತ್ರೆ ಇಟ್ಟವ್ರೆ."

ಆಮೇಲೆ ಕದಿರಪ್ಪನವರನ್ನು ಅವಳೇ ತಟ್ಟಿ ಎಬ್ಬಿಸಿ ನಿಜವಾದ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಮುನಿನಾರಾಯಣಮ್ಮನ ಮಂಡಿ ಒತ್ತಿ ನೋಡಿ, ಇಷ್ಟು ಊದುವವರೆಗೆ ಮನೆಯವರು ಏನು ಮಾಡುತ್ತಿದ್ದರು ಎಂದು ನನ್ನನ್ನೇ ಕೇಳಿದರು. ಇಲ್ಲದ ನೋವಿಗೆ ಆಕೆ ಎರಡು ವರ್ಷ ಎಣ್ಣೆ ತಿಕ್ಕಿದ್ದಳು, ಇದ್ದ ನೋವನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಆ ಬಾಗಿಲಲ್ಲಿ ನನಗಾದ ನಾಚಿಕೆಯನ್ನು ಕುದುರೆಯಾದ ತಮ್ಮಲ್ಲಲ್ಲದೆ ಬೇರೆ ಯಾರಲ್ಲೂ ಹೇಳಿಕೊಳ್ಳಲಾರೆ.

ಈಗ ತಿಂಗಳಿಗೊಮ್ಮೆ ಬರಬೇಕೆಂದು ಡಾಕ್ಟರಮ್ಮನ ಅಪ್ಪಣೆಯಾಗಿದೆ. ಮೊದಲ ಶನಿವಾರ ಆಕೆ ಒಬ್ಬಳೇ ರೈಲು ಹತ್ತುತ್ತಾಳೆ, ನಾನು ಎಮ್ಮೆ ಮೇಯಿಸುತ್ತೇನೆ. ಔಷಧ ಪಡೆದ ಮೇಲೆ ತಾವು ಆಕೆಯನ್ನು ನನ್ನ ಹಳೆಯ ದಾರಿಯಲ್ಲೇ ಸುತ್ತಿಸುತ್ತೀರೆಂದು ಆಕೆಯ ಸೆರಗಿಗಂಟಿದ ಬನ್ನಿನ ವಾಸನೆಯಿಂದ ತಿಳಿದುಬಂದಿದೆ. ಆದ್ದರಿಂದ ತಾವು ದಯಮಾಡಿ ಕೂಡಲೇ ಎಲ್ಲವನ್ನೂ ಮರೆಯಬೇಕು. ಅದಾಗದಿದ್ದರೆ, ಆ ನಿಲ್ದಾಣಗಳೆಲ್ಲ ತಮ್ಮ ಸ್ವಂತ ಹೊಟ್ಟೆಬಾಕತನದವು, ಶ್ರೀರಾಮಪ್ಪನಿಗೂ ಅವಕ್ಕೂ ಸಂಬಂಧವಿಲ್ಲ ಎಂಬ ಹೇಳಿಕೆಗೆ ಬಲಗಾಲಿನ ಗೊರಸಿನ ಗುರುತು ಒತ್ತಿ ಕಳಿಸಬೇಕು. ಅದೂ ಆಗದಿದ್ದರೆ, ಜಟಕಾದಲ್ಲಿ ಇನ್ನೊಬ್ಬರಿಗೆ ಜಾಗವಿದೆಯೆಂದು ಆಕೆಗೆ ಹೇಗಾದರೂ ತಿಳಿಸಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ, ಆದರೆ ತಮ್ಮ ಮೇಲೆ ವಿಶ್ವಾಸವಿಲ್ಲದ,
ಶ್ರೀರಾಮಪ್ಪ

ತಾ.ಕ.: ನಿನ್ನೆ ಆಕೆ ಒಂದು ಫೋಟೋ ತಂದು ದೇವರ ಗೂಡಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದಾಳೆ. ಸ್ಟುಡಿಯೋದವನು ಕ್ಯಾಮೆರಾವನ್ನು ಬೀದಿಗೆ ತಂದು ತೆಗೆದದ್ದಂತೆ. ನನ್ನ ದಾರಿಯಲ್ಲಿ ಸ್ಟುಡಿಯೋ ಇರಲಿಲ್ಲವಾದ್ದರಿಂದ ಆ ನಿಲ್ದಾಣ ಆಕೆಯದೇ. ಆಕೆ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದಾಳೆ, ಪಕ್ಕದಲ್ಲಿ ತಾವು ಕೊರಳಿಗೆ ಕನಕಾಂಬರ ಹಾಕಿಕೊಂಡು ನಿಂತಿದ್ದೀರಿ. ನಮಗೆ ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ನಾವಿಬ್ಬರೂ ಜೊತೆಗೆ ತೆಗೆಸಿಕೊಂಡ ಫೋಟೋ ಒಂದೂ ಇಲ್ಲ.